ಯಂತ್ರಕ್ಕೆ ನಮ್ಮ ಮಾತು ತಿಳಿದೀತೆ?

ಸುರಪುರದ ಮುದುಕಿಯೊಬ್ಬಳು “ಮಗ ಊರಿಗೆ ಹೋಗ್ಯಾನ್ರೀ” ಎಂದರೆ, ಪುಸ್ತಕದ “ಹೋಗಿದ್ದಾನೆ”ಯನ್ನೇ ಕೇಳಿ ಬೆಳೆದ ಯಂತ್ರವು ತಬ್ಬಿಬ್ಬಾದೀತು. ಮಾತನ್ನು ಅಕ್ಷರಕ್ಕಿಳಿಸುವ ಈ ಯಂತ್ರವು, ಸಾವಿರಾರು ಕಂಠಗಳ ಧ್ವನಿಯನ್ನೂ ಅದರ ಬರಹವನ್ನೂ ಜೋಡಿಸಿ ಕೊಟ್ಟಲ್ಲದೆ ಕಲಿಯದು.

ಈ ಕೊರತೆಯನ್ನು ನೀಗಲೆಂದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ಗೂಗಲ್ ಕಂಪನಿಯ ನೆರವಿನಿಂದ 2022ರಲ್ಲಿ ‘ವಾಣಿ’ ಎಂಬ ಕಾರ್ಯವನ್ನು ಕೈಕೊಂಡರು. ದೇಶದ ಜಿಲ್ಲೆಜಿಲ್ಲೆಯ ನುಡಿಯನ್ನು ಕೂಡಿಡುವುದು ಅದರ ಗುರಿ. ಅವರ ಕ್ರಮವು ಸೊಗಸಾದುದು: ಚಿತ್ರವೊಂದನ್ನು ತೋರಿಸಿ, ಕಂಡುದನ್ನು ಅವರವರ ಮಾತಿನಲ್ಲಿಯೇ ಹೇಳಿಸುವರು. ಓದೆಂದೊಡನೆ ನಾಲಗೆ ಬಿಗಿಯುವುದೆಂಬುದು ಯಾವ ಶಾಲೆಯ ಮಾಸ್ತರರಿಗೂ ಗೊತ್ತಷ್ಟೆ!

ಬೆಂಗಳೂರಿನಲ್ಲಿಯೇ 2021ರಲ್ಲಿ ಮನು ಚೋಪ್ರಾ, ಸಂಶೋಧಕ ವಿವೇಕ್ ಶೇಷಾದ್ರಿ ಮೊದಲಾದವರು ಕಟ್ಟಿದ ‘ಕಾರ್ಯ’ ಸಂಸ್ಥೆಯಾದರೋ, ಚಾಮರಾಜನಗರ ಸೀಮೆಯ ಹಳ್ಳಿಗರಿಂದ ಕನ್ನಡ ವಾಕ್ಯಗಳನ್ನು ಓದಿಸಿ, ಗಂಟೆಗೆ ಸುಮಾರು 5 ಡಾಲರಿನಂತೆ ಸಂಬಳವಿತ್ತಿತು. ದನಿಯನ್ನು ಪುಕ್ಕಟೆಯಾಗಿ ಪಡೆಯಲಿಲ್ಲವೆಂಬುದೇ ಇದರ ಹಿರಿಮೆಯೆನ್ನಬೇಕು.

ಯಾದಗಿರಿಯ ಮಾತು ಇನ್ನೂ ತೊಡಕಿನದು. 1948ರವರೆಗೆ ನಡೆದ ನಿಜಾಮರ ಆಳಿಕೆಯ ಉರ್ದು, ನೆರೆಯ ತೆಲುಗು, ತಾಂಡಾಗಳ ಲಂಬಾಣಿ, ಇವೆಲ್ಲ ಇಲ್ಲಿಯ ಕನ್ನಡದ ಮಗ್ಗುಲಲ್ಲಿಯೇ ಇವೆ. ಶಹಾಪುರದ ತಾಯಿಯೊಬ್ಬಳು ಕೂಸಿನ ಜ್ವರಕ್ಕೆ ಮದ್ದು ಕೇಳಿದಾಗ ಯಂತ್ರವು ಬೇರೊಂದನ್ನೇ ಬರೆದುಕೊಳ್ಳಬಾರದಾದರೆ, ಅದು ಮೊದಲು ಆಕೆಯ ಓಣಿಯವರ ಮಾತನ್ನು ಕೇಳಿರಬೇಕು.