ಶರಣನಾಮ: ಅದರ ಅರ್ಥವೂ ಪ್ರಚಾರವೂ

ಕಲಬುರಗಿ ಜಿಲ್ಲೆಯ ಜೇವರ್ಗಿ ತಾಲೂಕಿಗೆ ಸೇರಿದ ನೆಲೋಗಿಯಲ್ಲಿಯೂ, ಅಫಜಲಪುರ, ಆಳಂದ ಸೀಮೆಗಳಲ್ಲಿಯೂ ಜನರ ಹೆಸರುಗಳನ್ನು ಕೇಳುತ್ತ ಹೋದರೆ ಶರಣಪ್ಪ, ಶರಣಮ್ಮ, ಶರಣಯ್ಯ, ಶರಣಗೌಡ, ಶಿವಶರಣಪ್ಪ, ಶರಣಬಸಪ್ಪ ಎಂಬವು ಮತ್ತೆ ಮತ್ತೆ ಕಿವಿಗೆ ಬೀಳುತ್ತವೆ. ಇವೆಲ್ಲಕ್ಕೂ ಮೂಲವಾದ ‘ಶರಣ’ವು ಸಂಸ್ಕೃತಶಬ್ದವೆಂಬುದರಲ್ಲಿ ಸಂಶಯವಿಲ್ಲ. ಆದರೆ ಸಂಸ್ಕೃತಕೋಶದಲ್ಲಿ ಕಂಡ ಅರ್ಥವನ್ನು ಈ ಹೆಸರುಗಳಿಗೆ ಹಚ್ಚಿ ನೋಡಿದರೆ ಅದು ಹೊಂದುವುದಿಲ್ಲ. ಮಕ್ಕಳಿಗೆ ಹೆಸರು ಹುಡುಕುವವರ ಕೈಗೆ ಬರುವ ಪಟ್ಟಿಗಳಲ್ಲಿ ‘ಶರಣ ಎಂದರೆ ಆಶ್ರಯ’ ಎಂದು ಒಂದೇ ಮಾತಿನಲ್ಲಿ ಹೇಳಿ ಮುಗಿಸುವುದುಂಟು. ಮಗನನ್ನು ಶರಣಪ್ಪನೆಂದು ಕರೆಯುವ ತಾಯಿಯ ಮನಸ್ಸಿನಲ್ಲಿರುವುದು ಆ ಅರ್ಥವಲ್ಲ. ಹಾಗಾದರೆ ಆಕೆಯ ಅರ್ಥವು ಎಲ್ಲಿಂದ ಬಂದಿತು, ಈ ಹೆಸರಿಗೆ ಈ ಸೀಮೆಯಲ್ಲಿ ಇಷ್ಟು ಪ್ರಚಾರವು ಹೇಗೆ ಉಂಟಾಯಿತು ಎಂಬುದು ವಿಚಾರಾರ್ಹವಾಗಿದೆ.

ಸಂಸ್ಕೃತನಾಮವು ದೇಶಭಾಷೆಗೆ ಬಂದಾಗ ಸಾಮಾನ್ಯವಾಗಿ ಮಾರ್ಪಡುವುದು ಅದರ ಧ್ವನಿ. ಇದಕ್ಕೆ ನೆಲೋಗಿಯಿಂದಲೇ ಒಂದು ಉದಾಹರಣೆ ದೊರೆಯುತ್ತದೆ. ೧೯೩೬ರಲ್ಲಿ ಈ ಊರಿನಲ್ಲಿ ಹುಟ್ಟಿ, ೨೦೦೪ರಿಂದ ೨೦೦೬ರ ವರೆಗೆ ಕರ್ನಾಟಕದ ಮುಖ್ಯಮಂತ್ರಿಗಳಾಗಿದ್ದು, ೨೦೧೭ರಲ್ಲಿ ತೀರಿಕೊಂಡ ಧರಂ ಸಿಂಗರ ಹೆಸರಿನಲ್ಲಿ ‘ಧರ್ಮ’, ‘ಸಿಂಹ’ ಎಂಬ ಎರಡು ಸಂಸ್ಕೃತಶಬ್ದಗಳಿವೆ. ಹಿಂದುಸ್ಥಾನಿಯ ಬಾಯಲ್ಲಿ ಮೊದಲನೆಯದು ಧರಂ ಎಂದೂ ಎರಡನೆಯದು ಸಿಂಗ್ ಎಂದೂ ಆದುವು. ಅರ್ಥ ಮಾತ್ರ ಕದಲಲಿಲ್ಲ. ಕನ್ನಡದಲ್ಲಿಯೂ ಸಿಂಹವು ಸಿಂಗವಾದುದುಂಟು. ವೃಷಭವು ಬಸಹವಾಗಿ, ಬಸವವಾದುದೂ ಇದೇ ತೆರನಾದುದು. ‘ಶರಣ’ದ ಗತಿ ಇದಕ್ಕೆ ವಿಪರೀತವಾಗಿದೆ. ಅದರ ಧ್ವನಿಯಲ್ಲಿ ಒಂದಕ್ಷರವೂ ಕೆಡಲಿಲ್ಲ, ಅರ್ಥವೇ ತಿರುಗಿ ನಿಂತಿತು. ವೈಯಾಕರಣರು ಇದನ್ನು ತತ್ಸಮವೆಂದು ಎಣಿಸುವರಾದರೂ ಅರ್ಥದ ದೃಷ್ಟಿಯಿಂದ ಇದು ತದ್ಭವಕ್ಕಿಂತಲೂ ದೂರ ನಡೆದ ಶಬ್ದ.

ಸಂಸ್ಕೃತದಲ್ಲಿ ‘ಶರಣಂ’ ಎಂಬುದು ನಪುಂಸಕಲಿಂಗದ ನಾಮಪದ. ಅಮರಕೋಶವು ಇದಕ್ಕೆ ಮನೆ, ರಕ್ಷಕ ಎಂಬ ಎರಡು ಅರ್ಥಗಳನ್ನು ಕೊಡುತ್ತದೆ. ಹಿಂಸಾರ್ಥಕವಾದ ‘ಶೄ’ ಧಾತುವಿನಿಂದ, ದುಃಖವನ್ನು ನಾಶಮಾಡುವುದು ಎಂಬ ಭಾವದಲ್ಲಿ ಇದನ್ನು ಸಾಧಿಸುವುದು ಸಂಪ್ರದಾಯ. ಆಧುನಿಕ ಕೋಶಕಾರರು ಆಸರೆ ಎಂಬ ಅರ್ಥದ ‘ಶರ್ಮನ್’ ಶಬ್ದದೊಡನೆ ಇದಕ್ಕೆ ನಂಟನ್ನು ಕಾಣುತ್ತಾರೆ. ಹೇಗಿದ್ದರೂ ಶರಣವೆಂದರೆ ಸೇರಬೇಕಾದ ನೆಲೆಯೇ ಹೊರತು ಸೇರುವ ಮನುಷ್ಯನಲ್ಲ. ಭಗವದ್ಗೀತೆಯ ಹದಿನೆಂಟನೆಯ ಅಧ್ಯಾಯದಲ್ಲಿ ಕೃಷ್ಣನು ಅರ್ಜುನನಿಗೆ ಹೇಳುವ ಕೊನೆಯ ಉಪದೇಶದಲ್ಲಿಯೂ, ಬೌದ್ಧರ ತ್ರಿಶರಣದಲ್ಲಿಯೂ ಶಬ್ದವು ನಿಂತಿರುವುದು ಈ ಅರ್ಥದಲ್ಲಿಯೇ. ಭೀಮಾತೀರದ ಸನ್ನತಿ, ಕನಗನಹಳ್ಳಿಗಳಲ್ಲಿ ದೊರೆತಿರುವ ಸ್ತೂಪದ ಅವಶೇಷಗಳನ್ನು ನೆನೆದರೆ, ಬುದ್ಧ, ಧರ್ಮ, ಸಂಘಗಳನ್ನು ಆಶ್ರಯವೆಂದು ಕರೆಯುವ ಪರಿಪಾಠವು ಈ ಸೀಮೆಗೂ ಬಲು ಹಿಂದೆಯೇ ಪರಿಚಿತವಾಗಿದ್ದಿತೆಂದು ಊಹಿಸಬಹುದು.

ಆಶ್ರಯವು ಆಶ್ರಿತನಾದುದು ಸಮಾಸದ ಮೂಲಕ. ‘ಶಿವಶರಣ’ ಎಂಬಲ್ಲಿ ಶಿವನೇ ಯಾರಿಗೆ ಶರಣವೋ ಅವನು ಎಂದು ಬಹುವ್ರೀಹಿಯಾಗಿ ಬಿಡಿಸಬೇಕು. ಬಹುವ್ರೀಹಿಯು ಅನ್ಯಪದಾರ್ಥಪ್ರಧಾನವಾದುದರಿಂದ ಸಮಸ್ತಪದವು ಭಕ್ತನನ್ನು ಹೇಳುತ್ತದೆ. ಇಷ್ಟರ ಮಟ್ಟಿಗೆ ಸಂಸ್ಕೃತವ್ಯಾಕರಣಕ್ಕೆ ಭಂಗವಿಲ್ಲ. ಬಳಿಕ ಕನ್ನಡವು ಇನ್ನೊಂದು ಹೆಜ್ಜೆ ಮುಂದಕ್ಕಿಟ್ಟಿತು. ‘ಶಿವ’ ಎಂಬ ಪೂರ್ವಪದವನ್ನು ಬಿಟ್ಟು ‘ಶರಣ’ವೊಂದನ್ನೇ ಉಳಿಸಿಕೊಂಡು, ಸಮಾಸದ ಅರ್ಥವನ್ನೆಲ್ಲ ಅದಕ್ಕೆ ಹೊರಿಸಿತು. ಕನ್ನಡದಲ್ಲಿ ಲಿಂಗವು ಅರ್ಥವನ್ನು ಹಿಂಬಾಲಿಸುವುದರಿಂದ ಶರಣನು, ಶರಣರು, ಶರಣೆ ಎಂಬ ರೂಪಗಳು ಸಹಜವಾಗಿ ಹುಟ್ಟಿದುವು. ಹಳೆಯ ನಪುಂಸಕಾರ್ಥಕ್ಕೆ ಉಕಾರಾಂತವಾದ ‘ಶರಣು’ ಎಂಬ ರೂಪವು ಬೇರೆಯಾಗಿ ನಿಂತಿತು. ಹೀಗೆ ಒಂದು ಸಂಸ್ಕೃತಶಬ್ದವು ಕನ್ನಡದಲ್ಲಿ ಎರಡಾಯಿತು: ಶರಣು ಎಂಬುದು ಒಪ್ಪಿಸಿಕೊಳ್ಳುವ ಕ್ರಿಯೆ, ಶರಣ ಎಂಬುವನು ಒಪ್ಪಿಸಿಕೊಂಡವನು. ಸಂಸ್ಕೃತದಲ್ಲಿ ಒಂಟಿಯಾಗಿ ನಿಂತ ಶಬ್ದಕ್ಕೆ ಈ ಎರಡನೆಯ ಅರ್ಥವು ರೂಢವಾಗಿಲ್ಲ.

ಈ ಅರ್ಥವನ್ನು ಸ್ಥಿರಪಡಿಸಿದವರು ೧೨ನೆಯ ಶತಮಾನದಲ್ಲಿ ಕಲ್ಯಾಣದಲ್ಲಿ ನೆರೆದ ವಚನಕಾರರು. ಭಕ್ತ, ಮಹೇಶ್ವರ, ಪ್ರಸಾದಿ, ಪ್ರಾಣಲಿಂಗಿ, ಶರಣ, ಐಕ್ಯ ಎಂಬ ಷಟ್‌ಸ್ಥಲಗಳಲ್ಲಿ ಶರಣನದು ಐದನೆಯದು. ಅಲ್ಲಿ ಲಿಂಗವೇ ಪತಿ, ಶರಣನು ಸತಿ ಎಂಬ ಭಾವವಿರುವುದರಿಂದ ಗಂಡುಹೆಣ್ಣೆಂಬ ಭೇದವು ಸಡಿಲವಾಗುತ್ತದೆ. ಶರಣಪ್ಪನಷ್ಟೇ ಸಲೀಸಾಗಿ ಶರಣಮ್ಮನೂ ಬಳಕೆಗೆ ಬಂದುದಕ್ಕೆ ಇದು ಪೋಷಕವಾಗಿರಬಹುದು. ಮುಂದೆ ಈ ಶಬ್ದವು ಒಂದು ಮತದ ಎಲ್ಲೆಯನ್ನೂ ದಾಟಿತು. ಜೇವರ್ಗಿ ಸೀಮೆಯ ಕಡಕೋಳದ ಮಡಿವಾಳಪ್ಪನವರ ಶಿಷ್ಯವರ್ಗದಲ್ಲಿ ಚನ್ನೂರ ಜಲಾಲಸಾಹೇಬರೂ ಇದ್ದರು. ತತ್ತ್ವಪದಗಳನ್ನು ಹಾಡುವ ಜನರು ಅಂಥವರನ್ನೂ ಶರಣರೆಂದೇ ಎಣಿಸುತ್ತಾರೆ.

ಉತ್ತರದೇಶದ ಹೆಸರುಗಳೊಡನೆ ಹೋಲಿಸಿದರೆ ಭೇದವು ಸ್ಪಷ್ಟವಾಗುತ್ತದೆ. ಹಿಂದಿಯ ಕವಿ ಮೈಥಿಲೀಶರಣ ಗುಪ್ತ (೧೮೮೬–೧೯೬೪), ಇತಿಹಾಸಜ್ಞ ರಾಮಶರಣ ಶರ್ಮ (೧೯೧೯–೨೦೧೧) ಇವರ ಹೆಸರುಗಳಲ್ಲಿ ದೇವತಾನಾಮವು ಮೊದಲು, ಶರಣವು ಕೊನೆ. ಅಲ್ಲಿ ಶಬ್ದವು ಸಮಾಸದ ಹಂಗಿನಲ್ಲಿಯೇ ಉಳಿಯಿತು. ಕಲಬುರಗಿಯ ಹೆಸರುಗಳಲ್ಲಾದರೋ ಶರಣವೇ ಮೊದಲು ಬಂದು, ಅಪ್ಪ, ಅಮ್ಮ, ಅಯ್ಯ, ಗೌಡ ಎಂಬ ಮಾತುಗಳು ಅದನ್ನು ಹಿಂಬಾಲಿಸುತ್ತವೆ. ದೇವರನ್ನು ಹೆಸರಿಸದೆ ಭಕ್ತನನ್ನೇ ಹೆಸರಿಸುವುದು ಇಲ್ಲಿಯ ಪದ್ಧತಿ. ‘ಶರಣಾರ್ಥಿ’ಯೆಂಬ ಮಾತೂ ಹೀಗೆಯೇ. ೧೯೪೭ರ ದೇಶವಿಭಜನೆಯ ಕಾಲದಲ್ಲಿ ಮನೆಮಾರು ಕಳೆದುಕೊಂಡು ಬಂದವರನ್ನು ಹಿಂದಿಯಲ್ಲಿ ಶರಣಾರ್ಥಿಗಳೆಂದು ಕರೆದರು. ಕಲಬುರಗಿಯ ಕಡೆ ಒಬ್ಬರನ್ನೊಬ್ಬರು ಕಂಡಾಗ ‘ಶರಣ್ರೀ’ ಎನ್ನುವುದು, ಹಿರಿಯರಿಗೆ ‘ಶರಣು ಶರಣಾರ್ಥಿ’ ಎನ್ನುವುದು ದಿನನಿತ್ಯದ ವಂದನೆ.

ಇನ್ನು ಪ್ರಚಾರದ ವಿಷಯ. ಇದಕ್ಕೆ ಮುಖ್ಯಕಾರಣವು ಜೇವರ್ಗಿ ಸೀಮೆಯ ಅರಳಗುಂಡಗಿಯಲ್ಲಿ ಹುಟ್ಟಿ ಕಲಬುರಗಿಯಲ್ಲಿ ನೆಲೆಸಿದ ಶರಣಬಸವೇಶ್ವರರು (೧೭೪೬–೧೮೨೨). ಅವರು ಒಕ್ಕಲುತನದವರು, ಬಂದವರಿಗೆ ಅನ್ನವಿಕ್ಕುವ ದಾಸೋಹವೇ ಅವರ ಬಾಳು. ಹೊಲದ ಜೋಳಕ್ಕೆ ಬಂದ ಹಕ್ಕಿಗಳನ್ನು ಓಡಿಸದೆ, ಅವುಗಳಿಗೆ ನೀರನ್ನೂ ಇಟ್ಟರೆಂದು ಐತಿಹ್ಯವಿದೆ. ಹೋಳಿಹುಣ್ಣಿಮೆಯ ಅನಂತರ ಐದನೆಯ ದಿನ ಕಲಬುರಗಿಯಲ್ಲಿ ನಡೆಯುವ ಅವರ ರಥೋತ್ಸವದಲ್ಲಿ ಪರುಷಬಟ್ಟಲನ್ನು ತೇರಿನಿಂದ ತೋರಿಸುವಾಗ ಸುತ್ತಣ ತಾಲೂಕುಗಳ ಜನರೆಲ್ಲ ಸೇರುತ್ತಾರೆ. ಹರಕೆ ಹೊತ್ತು ಪಡೆದ ಕೂಸಿಗೆ ಆರಾಧ್ಯರ ಹೆಸರಿಡುವುದು, ಅಜ್ಜನ ಹೆಸರನ್ನು ಮೊಮ್ಮಗನಲ್ಲಿ ಉಳಿಸುವುದು ಈ ಎರಡು ರೂಢಿಗಳಿಂದ ಒಮ್ಮೆ ಮನೆಯೊಳಕ್ಕೆ ಬಂದ ಹೆಸರು ತಲೆಮಾರು ಬಿಟ್ಟು ತಲೆಮಾರಿಗೆ ಮರಳುತ್ತದೆ. ಆ ಸಂಸ್ಥಾನದ ಏಳನೆಯ ಪೀಠಾಧಿಪತಿಗಳು ದೊಡ್ಡಪ್ಪ ಅಪ್ಪನವರು. ಎಂಟನೆಯವರಾಗಿ ೧೯೮೩ರಿಂದ ೨೦೨೫ರ ವರೆಗೆ ಇದ್ದವರು ಮೂಲಪುರುಷರ ಹೆಸರನ್ನೇ ಹೊತ್ತ ಶರಣಬಸಪ್ಪ ಅಪ್ಪನವರು. ೨೦೨೩ರ ಮೇ ತಿಂಗಳಲ್ಲಿ ರಚಿತವಾದ ರಾಜ್ಯದ ಮಂತ್ರಿಮಂಡಲದಲ್ಲಿ ಸೇಡಂ ಕ್ಷೇತ್ರದ ಶರಣಪ್ರಕಾಶ ಪಾಟೀಲರೂ ಶಹಾಪುರ ಕ್ಷೇತ್ರದ ಶರಣಬಸಪ್ಪ ದರ್ಶನಾಪುರರೂ ಒಟ್ಟಿಗೆ ಇದ್ದುದು ಈ ಸೀಮೆಯಲ್ಲಿ ಹೆಸರಿನ ವ್ಯಾಪ್ತಿಗೆ ಒಂದು ನಿದರ್ಶನ.

ಹೆಸರಿಗೆ ಕುಂದು ಬಂದುದು ಹೆಚ್ಚಾಗಿ ಲಿಪಿಯಿಂದ. ಹೈದರಾಬಾದು ಸಂಸ್ಥಾನದಲ್ಲಿ ೧೮೮೪ರಲ್ಲಿ ಪಾರಸಿಯ ಸ್ಥಾನಕ್ಕೆ ಉರ್ದು ಬಂದಿತು. ೧೯೪೮ರಲ್ಲಿ ನಿಜಾಮರ ಆಳಿಕೆ ಮುಗಿಯುವ ವರೆಗೂ ಅದೇ ಆಡಳಿತದ ಭಾಷೆಯಾಗಿದ್ದಿತು. ಉರ್ದುಲಿಪಿಯಲ್ಲಿ ಣಕಾರಕ್ಕೆ ಬೇರೆ ಅಕ್ಷರವಿಲ್ಲದ ಕಾರಣ ದಫ್ತರದಲ್ಲಿ ಶರಣಪ್ಪನು ಶರನಪ್ಪನಾಗುವುದು ಅನಿವಾರ್ಯ. ರೋಮನ್ ಲಿಪಿಯಲ್ಲಿಯೂ ಈ ತೊಡಕು ತಪ್ಪಲಿಲ್ಲ: ೨೦೧೭ರಲ್ಲಿ ಕಲಬುರಗಿಯಲ್ಲಿ ಸ್ಥಾಪಿತವಾದ ಶರಣಬಸವ ವಿಶ್ವವಿದ್ಯಾಲಯದ ಹೆಸರನ್ನು ಆ ಲಿಪಿಯಲ್ಲಿ ಬರೆಯುವಾಗ ನಡುವಣ ಅಕಾರಗಳನ್ನು ಬಿಟ್ಟಿರುವುದರಿಂದ, ಅರಿಯದವರು ಅದನ್ನು ‘ಶರ್ನಬಸ್ವ’ ಎಂದು ಓದುವಂತಾಗಿದೆ.

ಲಿಪಿಯ ದೋಷವನ್ನು ನಾಲಗೆಯು ತಿದ್ದಿಕೊಳ್ಳಬಲ್ಲುದು. ಅರ್ಥದ ದೋಷವು ಹಾಗಲ್ಲ. ಇತ್ತೀಚೆಗೆ ಹೆಣ್ಣುಮಕ್ಕಳಿಗೆ ಶರಣಮ್ಮನೆಂಬುದರ ಬದಲು ‘ಶರಣ್ಯಾ’ ಎಂಬ ಹೆಸರನ್ನಿಡುವುದು ಕಂಡುಬರುತ್ತದೆ. ಎರಡೂ ಒಂದೇ, ಎರಡನೆಯದು ಹೆಚ್ಚು ಸಂಸ್ಕೃತ ಎಂದು ತಿಳಿಯುವವರುಂಟು. ‘ಶರಣ್ಯಾ’ ಎಂದರೆ ಆಶ್ರಯ ಕೊಡಲು ತಕ್ಕವಳು. ಅದು ದೇವಿಗೆ ಸಲ್ಲುವ ವಿಶೇಷಣ. ಶರಣೆಯೆಂದರೆ ಆಶ್ರಯವನ್ನು ಕಂಡುಕೊಂಡವಳು. ಅಜ್ಜಿಯ ಹೆಸರನ್ನೇ ಮೊಮ್ಮಗಳಿಗೆ ಇಟ್ಟೆವೆಂದುಕೊಂಡವರು ನಿಜವಾಗಿ ಅದರ ಎದುರಿನ ಹೆಸರನ್ನು ಇಟ್ಟಿರುತ್ತಾರೆ. ಇನ್ನು ಋಗ್ವೇದದ ‘ಸರಣ್ಯೂ’ ದಂತ್ಯಸಕಾರದಿಂದ ತೊಡಗುವ ಬೇರೆಯೇ ಶಬ್ದ. ವಿವಸ್ವಂತನ ಪತ್ನಿಯಾದ ಆಕೆಗೂ ಈ ಹೆಸರಿಗೂ ಸಂಬಂಧವಿಲ್ಲ. ಶರಣ್ಯಾ ಎಂಬುದು ಒಳ್ಳೆಯ ಹೆಸರಲ್ಲವೆಂದು ಇದರ ಅಭಿಪ್ರಾಯವಲ್ಲ. ಇಡುವವರು ಯಾವುದನ್ನು ಬಿಟ್ಟು ಯಾವುದನ್ನು ಹಿಡಿದೆವೆಂಬುದನ್ನು ಅರಿತು ಇಡಬೇಕೆಂಬುದಷ್ಟೆ.

ಕಲಬುರಗಿಯ ಹೆಸರಿನಲ್ಲಿ ಈ ಎರಡು ಅರ್ಥಗಳೂ ಮತ್ತೆ ಕೂಡಿಕೊಂಡಿರುವುದು ಗಮನಾರ್ಹ. ಮೊದಲು ಶರಣವೆಂದರೆ ಆಸರೆಯ ಮನೆಯಾಗಿದ್ದಿತು. ವಚನಕಾರರಲ್ಲಿ ಅದು ಆಸರೆ ಪಡೆದ ಮನುಷ್ಯನಾಯಿತು. ಅರಳಗುಂಡಗಿಯ ಒಕ್ಕಲಿಗನಲ್ಲಿ ಆ ಮನುಷ್ಯನ ಮನೆಯೇ ಹಸಿದವರಿಗೆ ಆಸರೆಯಾಯಿತು. ತಾನು ಯಾರಿಗೂ ಆಶ್ರಯನಲ್ಲ, ಆಶ್ರಿತನೆಂದು ಹೇಳಿಕೊಂಡವನ ಬಾಗಿಲಿಗೇ ಜನರು ಆಶ್ರಯವನ್ನು ಹುಡುಕಿ ಬಂದರು. ನೆಲೋಗಿಯ ಸೀಮೆಯ ತಾಯಿ ಕೂಸನ್ನು ತೊಟ್ಟಿಲಲ್ಲಿಟ್ಟು ಶರಣಬಸಪ್ಪನೆಂದು ಕರೆಯುವಾಗ ಆಕೆಯ ಮನಸ್ಸಿನಲ್ಲಿರುವುದು ಆ ಬಾಗಿಲು. ಈ ಹೆಸರಿನ ಅರ್ಥವನ್ನು ಬರೆಯುವ ಕೋಶಗಳೂ ಪಟ್ಟಿಗಳೂ ಅದನ್ನು ಸೇರಿಸಿಕೊಳ್ಳುವುದು ಯುಕ್ತವಾಗಿದೆ.