ಮಲ್ಲಯ್ಯನ ದಾರಿಯ ಗಾಡಿಗೆ ಎರಡನೇ ಎಸಿ

ಶಿವರಾತ್ರಿ ಮುಗಿಯಿತೆಂದರೆ ತೇರದಾಳದ ಬಿಸಿಲಿಗೆ ಬೇರೆಯೇ ಕಳೆ ಬರುತ್ತದೆ. ಕಬ್ಬು ಕಡಿದ ಹೊಲಗಳಲ್ಲಿ ರವದಿ ಸುಟ್ಟ ಕಪ್ಪು, ಕಣಗಳಲ್ಲಿ ಕುದಿಸಿ ಹರವಿದ ಅರಿಷಿಣದ ಹಳದಿ. ಮಧ್ಯಾಹ್ನ ಹನ್ನೆರಡು ದಾಟಿದ ಮೇಲೆ ಡಾಂಬರು ರಸ್ತೆಯತ್ತ ನೋಡಿದರೆ ಕಣ್ಣು ಕುಕ್ಕುತ್ತದೆ. ಊರ ಹೊರಗಿನ ವೆಲ್ಡಿಂಗ್ ಅಂಗಡಿಯ ಮುಂದೊಂದು ಬೇವಿನ ಮರ. ಅದರ ಕೆಳಗೆ ಹಳೆಯ ಟೆಂಪೊ ಟ್ರಾವೆಲರ್ ನಿಂತಿದೆ. ಮೂತಿ ನೆರಳಿಗೆ, ಬೆನ್ನು ಬಿಸಿಲಿಗೆ. ನಂಬರ್ ಪ್ಲೇಟಿನ ಮೇಲೆ ಜಮಖಂಡಿಯ ಕೆಎ 48.

ಹಿಂದಿನ ಸೀಟುಗಳನ್ನು ಕಿತ್ತು ಎರಡೂ ಬದಿಗೆ ಮಲಗುವ ಹಲಗೆ ಹಾಕಿದ್ದಾರೆ. ಹಲಗೆಯ ಕೆಳಗೆ ಕಟಕ ರೊಟ್ಟಿಯ ಬುಟ್ಟಿ, ಶೇಂಗಾ ಚಟ್ನಿಯ ಡಬ್ಬಿ, ನೀರಿನ ಕ್ಯಾನುಗಳಿಗೆ ಜಾಗ. ಯುಗಾದಿ ಹತ್ತಿರವಾದಾಗ ಬಾಗಲಕೋಟೆ, ವಿಜಯಪುರ, ಬೆಳಗಾವಿ ಸೀಮೆಯ ಸಾವಿರಾರು ಜನ ಮಲ್ಲಯ್ಯನ, ಅಂದರೆ ಮಲ್ಲಿಕಾರ್ಜುನನ, ಕಂಬಿ ಹೊತ್ತು ಶ್ರೀಶೈಲಕ್ಕೆ ನಡೆದೇ ಹೊರಡುತ್ತಾರೆ. ಅವರ ಹಿಂದೆ ಇಂಥ ಗಾಡಿಗಳು ಹೊರಡುತ್ತವೆ. ಕಾಲಿಗೆ ಬೊಬ್ಬೆ ಎದ್ದವರು, ಬಿಸಿಲಿಗೆ ತಲೆ ತಿರುಗಿದವರು, ಹಟ ಹಿಡಿದು ಬಂದ ಮುದುಕರು ಒಂದು ತಾಸು ಅಡ್ಡಾಗುವುದು ಇದರೊಳಗೆ. ಈ ನಾಡಿನಲ್ಲಿ ಓಡಾಡುವ ಮನೆ ಅಂತ ಇದ್ದರೆ ಅದು ಇದೇ.

ಗಾಡಿಗೆ ಎಸಿ ಮೊದಲೇ ಇದೆ. ಆದರೆ ಅದರ ಕಂಪ್ರೆಸರ್ ತಿರುಗುವುದು ಎಂಜಿನ್ನಿನ ಬೆಲ್ಟಿನಿಂದ. ಎಂಜಿನ್ ಬಂದ್ ಮಾಡಿದ ಕ್ಷಣವೇ ಥಂಡಿ ಗಾಳಿಯೂ ಬಂದ್. ಪಾದಯಾತ್ರೆಯ ಗಾಡಿ ಓಡುವುದಕ್ಕಿಂತ ನಿಲ್ಲುವುದೇ ಹೆಚ್ಚು, ಬೇಕಾದದ್ದು ನಿಂತಾಗಲೇ. ಅದಕ್ಕೇ ಈ ಎರಡನೆಯದು, ಕರೆಂಟಿನ ಮೇಲೆ ನಡೆಯುವ ಸ್ಪ್ಲಿಟ್ ಎಸಿ.

‘ಒಂದೂವರೆ ಟನ್ನಿಂದ ಹಾಕಪಾ, ಒಳಗ ವಯಸ್ಸಾದವ್ರು ಮಲಗತಾರ’ ಎನ್ನುತ್ತಾರೆ ಮಾಲೀಕರು.

‘ಒಂದ ಟನ್ ಸಾಕ್ರಿ ಕಾಕಾ. ಮೊದಲ ಮ್ಯಾಲಿನ ಪತ್ರಾಸಕ್ಕ ಒಂದ ದಾರಿ ಮಾಡೂಣ. ಪತ್ರಾಸ ಹಿಂಗ ಕಾದ್ರ ನಾಕ್ ಎಸಿ ಹಾಕಿದ್ರೂ ಅಷ್ಟ’ ಎನ್ನುತ್ತಾನೆ ಮೆಕ್ಯಾನಿಕ್. ಹುಡುಗನ ಮಾತು ಪೂರಾ ಖರೆ.

ಒಳಗಿನ ರೆಕ್ಸಿನ್ ಹೊದಿಕೆ ಬಿಚ್ಚಿದಾಗ ಅದು ಕಣ್ಣಿಗೇ ಕಾಣಿಸಿತು. ಟಾಪಿನ ತಗಡಿಗೂ ಹೊದಿಕೆಗೂ ನಡುವೆ ಏನೆಂದರೆ ಏನೂ ಇಲ್ಲ, ಬರೀ ಧೂಳು. ತಗಡು ಮುಟ್ಟಿದ ಕೈ ಚುರ್ ಎಂದು ಹಿಂದೆ ಬರುತ್ತದೆ. ಧೂಳು ಒರೆಸಿ, ಅಂಟು ಬಳಿದು, ಬೆರಳ ದಪ್ಪದ ಕಪ್ಪು ನೈಟ್ರೈಲ್ ರಬ್ಬರ್ ಹಾಳೆಯನ್ನು ಒಂದು ಮೂಲೆಯಿಂದ ಒತ್ತುತ್ತ ಹೋದರು. ಬಾಗಿಲಿನ ಹರಿದ ರಬ್ಬರ್ ಬೀಡಿಂಗ್ ಬದಲಾಯಿತು, ಕಿಟಕಿಗಳಿಗೆ ದಪ್ಪ ಪರದೆ ಬಂತು. ಎಸಿಯ ಕೆಲಸದ ಅರ್ಧ ಇಲ್ಲಿಗೇ ಮುಗಿಯಿತೆಂದು ನನ್ನ ಲೆಕ್ಕ. ಈ ಅರ್ಧವನ್ನೇ ಬಹಳ ಮಂದಿ ಬಿಟ್ಟುಬಿಡುತ್ತಾರೆ.

ಹೊರಗಿನ ಯೂನಿಟ್‌ಗೆ ಹಿಂಬದಿಯಲ್ಲಿ ಕಬ್ಬಿಣದ ಚೌಕಟ್ಟು. ತೂಕ ಇಪ್ಪತ್ತೈದು ಕಿಲೋದ ಆಸುಪಾಸು, ಅದೂ ಹಿಂದಿನ ಗಾಲಿಗಿಂತ ಆಚೆ ಜೋತಿರುವುದು. ಹಳೇ ಗಾಡಿಯ ಸ್ಪ್ರಿಂಗ್ ಪಾಟಾ ಮೊದಲು ನೋಡಲೇಬೇಕು. ಯೂನಿಟ್ಟಿನ ಕಾಲಿಗೆ ರಬ್ಬರ್ ಬುಷ್ ಇಟ್ಟರು. ತಾಮ್ರದ ಪೈಪನ್ನು ನೆಟ್ಟಗೆ ಎಳೆಯದೆ ಒಂದು ಸುತ್ತು ಸುರುಳಿ ಬಿಟ್ಟರು, ಗುಂಡಿ ರಸ್ತೆಯ ಕುಲುಕಾಟವನ್ನು ಆ ಸುರುಳಿ ನುಂಗಲಿ ಎಂದು. ಮನೆಯ ಗೋಡೆಗೆ ಮಾಡಿದ ಯಂತ್ರ ಇದು, ಕುಲುಕಾಟ ಇದಕ್ಕೆ ಹೊಸದು. ಈಗಿನ ಎಸಿಗಳ ಆರ್32 ಗ್ಯಾಸ್ ಸ್ವಲ್ಪ ಮಟ್ಟಿಗೆ ಹೊತ್ತಿಕೊಳ್ಳುವಂಥದ್ದು. ಆದ್ದರಿಂದ ಪೈಪಿನ ಜೋಡಣೆಗಳೆಲ್ಲ ಆದಷ್ಟು ಗಾಡಿಯ ಹೊರಗೇ ಇರಬೇಕು. ವ್ಯಾಕ್ಯೂಮ್ ಪಂಪ್ ಹಚ್ಚಿ ಪೈಪಿನೊಳಗಿನ ಗಾಳಿ, ತೇವ ಎಳೆದು ತೆಗೆದ ಮೇಲೆಯೇ ಗ್ಯಾಸ್ ಬಿಟ್ಟರು.

ಇನ್ನು ಕರೆಂಟು. ಒಂದು ಟನ್ನಿನ ಎಸಿ ಸುಮಾರು ಒಂದು ಸಾವಿರ ವಾಟ್ ಎಳೆಯುತ್ತದೆ, 230 ವೋಲ್ಟಿನಲ್ಲಿ ನಾಲ್ಕೈದು ಆಂಪಿಯರ್. ಹಳೇ ಮಾದರಿಯ ಕಂಪ್ರೆಸರ್ ಚಾಲೂ ಆಗುವ ಹೊತ್ತಿಗೆ ಅದರ ಹಲವು ಪಟ್ಟು ಕೇಳುತ್ತದೆ. ಇನ್ವರ್ಟರ್ ಎಸಿ ನಿಧಾನ ಏರುತ್ತದೆ. ದಾರಿಯ ಮಠದಲ್ಲೋ ತೋಟದ ಮನೆಯಲ್ಲೋ ಇಳಿದು ಪ್ಲಗ್ ಕೇಳುವ ಗಾಡಿಗೆ ಇನ್ವರ್ಟರ್ ಎಸಿಯೇ ಸರಿ. ಪಕ್ಕದಲ್ಲಿ ಬೋರಿನ ಪಂಪು ನಡೆದಿದ್ದರೆ ವೋಲ್ಟೇಜ್ ಕುಸಿದಿರುತ್ತದೆ, ಅದರ ಮೇಲೆ ತೆಳ್ಳನೆಯ ಉದ್ದ ವೈರ್ ಎಳೆದರೆ ವೈರೇ ಕಾಯುತ್ತದೆ. ದಪ್ಪ ತಾಮ್ರದ ವೈರ್, 16 ಆಂಪಿಯರ್ ಪ್ಲಗ್, ಅರ್ಥಿಂಗ್, ಶಾಕ್ ಹೊಡೆದರೆ ತಟ್ಟನೆ ಬೀಳುವ 30 ಮಿಲಿಆಂಪಿಯರ್ ಬ್ರೇಕರ್ ಇರಲೇಬೇಕು. ರಬ್ಬರ್ ಗಾಲಿಯ ಮೇಲೆ ನಿಂತ ಗಾಡಿಯ ತಗಡಿಗೆ ಕರೆಂಟು ಇಳಿದರೆ ಅದು ನೆಲಕ್ಕೆ ಹೋಗುವುದು ಬಾಗಿಲು ಹಿಡಿದವನ ಮೈಮೂಲಕ.

ಪ್ಲಗ್ ಸಿಗದ ಕಡೆಗೆ ಜನರೇಟರ್ ಇಟ್ಟುಕೊಳ್ಳುವ ಮಾತು ಬಂತು. ಹಲಗೆಯ ಕೆಳಗೇ ಇಟ್ಟರಾಯಿತು, ಜಾಗ ಇದೆಯಲ್ಲ ಎಂದರು ಯಾರೋ. ಬೇಡವೇ ಬೇಡ. 2024ರ ಡಿಸೆಂಬರಿನಲ್ಲಿ ಕೇರಳದ ವಡಕರದಲ್ಲಿ ರಸ್ತೆ ಬದಿ ನಿಲ್ಲಿಸಿದ್ದ ಕ್ಯಾರವಾನಿನೊಳಗೆ ಇಬ್ಬರು ಹೆಣವಾಗಿ ಸಿಕ್ಕರು. ಎಸಿ ನಡೆಸಲು ಹಚ್ಚಿದ್ದ ಜನರೇಟರಿನ ಹೊಗೆ ನೆಲದ ಸಂದಿನಿಂದ ಒಳಗೆ ತುಂಬಿತ್ತು. ಕಾರ್ಬನ್ ಮಾನಾಕ್ಸೈಡಿನಿಂದಲೇ ಸಾವು ಎಂಬುದು ಕ್ಯಾಲಿಕಟ್ ಎನ್‌ಐಟಿ ತಜ್ಞರ ಪರೀಕ್ಷೆಯಲ್ಲೂ ಖಚಿತವಾಯಿತು. ಈ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಎಸಿಗಾಗಿ ಬಾಗಿಲು, ಕಿಟಕಿ ಬಿಗಿಯಾಗಿ ಮುಚ್ಚಿದ್ದರೆ ಒಳಗೆ ಮಲಗಿದವರಿಗೆ ಎಚ್ಚರವೇ ಆಗುವುದಿಲ್ಲ.

ಗ್ರೈಂಡರ್ ಹಚ್ಚುವ ಮೊದಲು ಆಗಬೇಕಾದ ಕೆಲಸ ಇನ್ನೊಂದಿದೆ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ ತಯಾರಕರು ಕೊಟ್ಟ ಮೂಲ ವಿವರಕ್ಕಿಂತ ಬೇರೆಯಾಗುವಂತೆ ಗಾಡಿಯನ್ನು ಮಾರ್ಪಡಿಸುವಂತಿಲ್ಲ. ಸೀಟು ಕೀಳುವುದು, ಹಿಂಬದಿಗೆ ಚೌಕಟ್ಟು ಕೂಡಿಸುವುದು ಎಲ್ಲಿಯವರೆಗೆ ನಡೆಯುತ್ತದೆಂದು ಜಮಖಂಡಿಯ ಆರ್‌ಟಿಒ ಕಚೇರಿಯಲ್ಲಿ ಕೇಳಿಕೊಂಡೇ ಕೈ ಹಾಕಬೇಕು. ಅಪಘಾತವಾದರೆ ವಿಮೆಯವರು ಮೊದಲು ಹುಡುಕುವುದು ಇದನ್ನೇ.

ಕಂಬಿ ಹೊತ್ತವರು ವೆಂಕಟಾಪುರದಿಂದ ನಾಗಲೂಟಿ, ಪೆದ್ದಚೆರುವು, ಭೀಮನ ಕೊಳ್ಳ ಹಾದು ನಲ್ಲಮಲ ಕಾಡಿನೊಳಗೆ ನಡೆಯುತ್ತಾರೆ. ಗಾಡಿಗೆ ಆ ದಾರಿಯಿಲ್ಲ. ಅದು ದೋರ್ನಾಲ ಸುತ್ತಿ ಘಾಟು ಹತ್ತಬೇಕು. ಬಳಲಿದವರು ಅದರಲ್ಲೇ ಬರುತ್ತಾರೆ. ಆದ್ದರಿಂದ ಯುಗಾದಿಗೆ ಗಾಡಿ ಕಟ್ಟುವವರಲ್ಲಿ ಕೈಮುಗಿದು ಕೇಳುತ್ತೇನೆ: ಎಸಿ ಎರಡಿರಲಿ, ಮೂರಿರಲಿ, ಜನರೇಟರನ್ನು ಮಾತ್ರ ಕೆಳಗಿಳಿಸಿ, ಗಾಳಿ ಬೀಸುವ ದಿಕ್ಕು ನೋಡಿ ದೂರ ಇಡಿ. ಇಡಲು ಜಾಗವಿಲ್ಲದಿದ್ದರೆ ಎಸಿ ಬಂದ್ ಮಾಡಿ, ಬಾಗಿಲು ತೆರೆದು ಮಲಗಿಸಿ.