ಎರಡು ಸಾಲಿನ ಬೆಲೆ

ಬ್ರಹ್ಮಾವರದಿಂದ ಉತ್ತರಕ್ಕೆ ಹೊರಟು, ಕೋಟ, ಕುಂದಾಪುರಗಳನ್ನು ಹಾದು, ಮರವಂತೆಯಲ್ಲಿ ಒಂದು ಮಗ್ಗುಲಿಗೆ ಕಡಲನ್ನೂ ಇನ್ನೊಂದು ಮಗ್ಗುಲಿಗೆ ಸೌಪರ್ಣಿಕೆಯನ್ನೂ ಕಂಡು ಬೈಂದೂರನ್ನು ಸೇರುವ ಪ್ರಯಾಣಿಕನಿಗೆ ನೋಟಕ್ಕೇನೂ ಬಡತನವಿಲ್ಲ. ಆದರೆ 66ನೆಯ ರಾಷ್ಟ್ರೀಯ ಹೆದ್ದಾರಿಯ ಇಕ್ಕೆಲಗಳ ಫಲಕಗಳನ್ನು ಓದುತ್ತ ಸಾಗಿದರೆ ಬೇರೊಂದು ಬಗೆಯ ಬಡತನ ಕಣ್ಣಿಗೆ ಬೀಳುತ್ತದೆ. ಗೇರುಬೀಜದ ಅಂಗಡಿ, ಜವಳಿ ಮಳಿಗೆ, ತೆಂಗಿನೆಣ್ಣೆಯ ಗಾಣ, ಮೀನೂಟದ ಹೋಟೆಲು, ಎಲ್ಲಕ್ಕೂ ಮಾತು ಮಾತ್ರ ಒಂದೇ: ಗುಣಮಟ್ಟವೇ ನಮ್ಮ ಧ್ಯೇಯ, ಗ್ರಾಹಕರ ಸಂತೃಪ್ತಿಯೇ ನಮ್ಮ ಗುರಿ. ಹೆಸರುಗಳನ್ನು ಹಾಗೆಯೇ ಬಿಟ್ಟು ಕೆಳಗಿನ ವಾಕ್ಯಗಳನ್ನಷ್ಟೇ ರಾತ್ರೋರಾತ್ರಿ ಅದಲುಬದಲು ಮಾಡಿದರೆ ಮರುದಿನ ಯಾರಿಗೂ ತಿಳಿಯಲಾರದು. ಅಂಗಡಿಯ ಯಜಮಾನನಿಗೂ ತಿಳಿಯಲಾರದು!

ಸರಕಿನಲ್ಲಿ ವೈವಿಧ್ಯವಿಲ್ಲವೆಂದಲ್ಲ. ಒಬ್ಬನ ಗೇರುಬೀಜಕ್ಕೂ ಪಕ್ಕದವನ ಗೇರುಬೀಜಕ್ಕೂ, ಒಂದು ಗಿರಣಿಯ ಕುಚ್ಚಲಕ್ಕಿಗೂ ಇನ್ನೊಂದರ ಕುಚ್ಚಲಕ್ಕಿಗೂ ವ್ಯತ್ಯಾಸವಿದೆ. ಅದನ್ನು ಮನೆಯ ಗೃಹಿಣಿ ಬಲ್ಲಳು, ವರ್ತಕನೂ ಬಲ್ಲನು. ಫಲಕವೊಂದೇ ಅರಿಯದು. ಈ ಕೊರತೆಯನ್ನು ತುಂಬುವ ವೃತ್ತಿಯೊಂದು ಜಗತ್ತಿನಲ್ಲಿ ಬಹುಕಾಲದಿಂದ ಇದೆ. ಯಾವ ಸಂಸ್ಥೆಯ ಸಂಬಳಕ್ಕೂ ಕಟ್ಟುಬೀಳದೆ, ಇಂದು ಒಬ್ಬರಿಗೆ, ನಾಳೆ ಇನ್ನೊಬ್ಬರಿಗೆ ಜಾಹೀರಾತಿನ ಒಕ್ಕಣೆಯನ್ನು ಬರೆದುಕೊಡುವ ಸ್ವತಂತ್ರ ಬರೆಹಗಾರನದು ಅದು.

ಮಾತು ಬಲ್ಲ ನಾಡು

ಕುಂದಾಪುರದ ಸೀಮೆಗೆ ಮಾತಿನ ಬರವೆಂದರೆ ನಂಬುವವರಾರು? 1899ರಲ್ಲಿ ‘ಇಂದಿರಾಬಾಯಿ’ ಕಾದಂಬರಿಯನ್ನು ಕೊಟ್ಟ ಗುಲ್ವಾಡಿ ವೆಂಕಟರಾಯರ ಹೆಸರಿನಲ್ಲೇ ಇಲ್ಲಿಯ ಊರಿದೆ. 1902ರಲ್ಲಿ ಶಿವರಾಮ ಕಾರಂತರು ಹುಟ್ಟಿದುದು ಕೋಟದಲ್ಲಿ. 1918ರಲ್ಲಿ ಗೋಪಾಲಕೃಷ್ಣ ಅಡಿಗರು ಹುಟ್ಟಿದುದು ಮೊಗೇರಿಯಲ್ಲಿ. 1945ರಲ್ಲಿ ವೈದೇಹಿಯವರು ಜನಿಸಿದುದು ಕುಂದಾಪುರದಲ್ಲಿ. ಇನ್ನು ಯಕ್ಷಗಾನದ ಅರ್ಥಧಾರಿಯಂತೂ ಕೈಯಲ್ಲಿ ಕಾಗದದ ಚೂರೂ ಇಲ್ಲದೆ ಬೆಳಗಿನ ಜಾವದವರೆಗೆ ವಾದವನ್ನು ಬೆಳೆಸಬಲ್ಲ ಧೀರ.

ಜಾಹೀರಾತಿನ ಒಳ್ಳೆಯ ಪಾಠವೂ ಆ ಯಕ್ಷಗಾನದಲ್ಲಿಯೇ ಇದೆ. ಟೆಂಟು ಮೇಳಗಳ ಕರಪತ್ರವನ್ನು ಬಲ್ಲವರು ನೆನೆದುಕೊಳ್ಳಲಿ. ಪ್ರಸಂಗ ಯಾವುದು, ಎಲ್ಲಿ, ಎಂದು, ಭಾಗವತರಾರು, ಯಾವ ವೇಷ ಯಾರದು ಎಂಬುದನ್ನೆಲ್ಲ ಅದು ಬಿಡಿಸಿ ಹೇಳುತ್ತದೆ. ‘ಅಭೂತಪೂರ್ವ’, ‘ಅತ್ಯದ್ಭುತ’ ಎಂಬ ವಿಶೇಷಣಗಳು ಅದರಲ್ಲಿ ಇಲ್ಲದಿಲ್ಲ. ಆದರೆ ಹಳ್ಳಿಯ ಜನ ಗದ್ದೆಯ ಅಂಚು ಹಿಡಿದು ಹೊರಟುದು ವಿಶೇಷಣವನ್ನು ನಂಬಿ ಅಲ್ಲ. ಇಂಥವರ ಕೌರವ, ಇಂಥವರ ಭೀಮ ಎಂಬ ಖಚಿತ ಸುದ್ದಿಯೇ ಅವರನ್ನು ಎಬ್ಬಿಸಿತು. ಮಾರುವ ಮಾತಿನ ಗುಟ್ಟು ಇಷ್ಟೇ: ಹೊಗಳಿಕೆಗಿಂತ ಸುದ್ದಿ ಹೆಚ್ಚು ಬಲವುಳ್ಳದ್ದು.

ಪುಕ್ಕಟೆಯ ವಿದ್ಯೆ

ಹಾಗಿದ್ದರೂ ಅಂಗಡಿಯ ಒಕ್ಕಣೆ ಏಕೆ ಬಡವಾಯಿತು? ಕಾರಣವನ್ನು ಲೆಕ್ಕದ ಪುಸ್ತಕದಲ್ಲಿ ಹುಡುಕಬೇಕು. ಫಲಕ ಮುದ್ರಿಸುವವನಿಗೆ ಚದರಡಿಯ ಲೆಕ್ಕದಲ್ಲಿ ಹಣ ಸಲ್ಲುತ್ತದೆ. ಅದನ್ನು ನೆಡುವವನಿಗೆ ಕೂಲಿ, ಜಾಗದವನಿಗೆ ಬಾಡಿಗೆ. ಆ ಫಲಕದ ಮೇಲಿನ ವಾಕ್ಯಕ್ಕೆ ಮಾತ್ರ ಖರ್ಚಿನ ಕಲಮೇ ಇಲ್ಲ. ‘ಮೇಷ್ಟ್ರೇ, ಎರಡು ಸಾಲು ಬರೆದುಕೊಡಿ’ ಎಂದರೆ ಮುಗಿಯಿತು. ಮೇಷ್ಟ್ರು ಸಂಕೋಚದಿಂದ ಒಂದು ಲೋಟ ಕಾಫಿಗೆ ಬರೆದುಕೊಡುವರು. ಅವರು ಸಿಗದಿದ್ದರೆ ಮುದ್ರಣಾಲಯದ ಹುಡುಗನೇ ಹಿಂದಿನ ಗಿರಾಕಿಯ ವಾಕ್ಯವನ್ನು ಮುಂದಿನವನಿಗೆ ಅಂಟಿಸುವನು. ಈಗಂತೂ ಯಂತ್ರವೇ ಕ್ಷಣಾರ್ಧದಲ್ಲಿ ಬರೆದುಕೊಡುತ್ತದೆಯೆಂಬ ಸಮಾಧಾನವೂ ಸೇರಿದೆ. ಆದರೆ ವರ್ತಕನು ತಿಳಿಸದ ಸಂಗತಿಯನ್ನು ಯಂತ್ರವು ಎಲ್ಲಿಂದ ತಂದೀತು? ನೂರು ಅಂಗಡಿಗಳಿಗೆ ಒಪ್ಪುವ ಮಾತನ್ನೇ ಅದು ನೂರಾ ಒಂದನೆಯದಕ್ಕೂ ಕೊಡುತ್ತದೆ.

ಈ ವೃತ್ತಿಗೆ ಮರ್ಯಾದೆ ತಂದವರಲ್ಲಿ ಮೊದಲಿಗನೆಂದು ಅಮೆರಿಕದ ಜಾನ್ ಪವರ್ಸ್ ಎಂಬವನನ್ನು ಹೆಸರಿಸುವರು. 1880ರಲ್ಲಿ ಫಿಲಡೆಲ್ಫಿಯದ ವಾನಮೇಕರ್ ಎಂಬ ದೊಡ್ಡ ವರ್ತಕನು ಒಕ್ಕಣೆ ಬರೆಯುವುದಕ್ಕಾಗಿಯೇ ಅವನನ್ನು ನೇಮಿಸಿಕೊಂಡನು. ಪವರ್ಸ್‌ನ ಹಟವೆಂದರೆ ಸತ್ಯ. ಮಳೆಯಂಗಿಗಳ ಹಳೆಯ ದಾಸ್ತಾನು ಕೊಳೆಯುತ್ತಿದೆ, ಅದನ್ನು ಕಳೆಯಬೇಕಾಗಿದೆ ಎಂದು ವಿಭಾಗದವರು ಗುಟ್ಟಾಗಿ ಹೇಳಿದುದನ್ನೇ ಅವನು ಪತ್ರಿಕೆಯಲ್ಲಿ ಅಚ್ಚು ಹಾಕಿಸಿದನಂತೆ. ಮಧ್ಯಾಹ್ನದೊಳಗೆ ದಾಸ್ತಾನು ಖಾಲಿಯಾಯಿತೆಂದು ಆ ವೃತ್ತಿಯವರು ಇಂದಿಗೂ ಹೇಳಿಕೊಳ್ಳುವರು. ಧಣಿಗೂ ಅವನಿಗೂ ಕಡೆಗೆ ಸರಿಬರಲಿಲ್ಲ. 1886ರಲ್ಲಿ ಹೊರಬಿದ್ದ ಪವರ್ಸ್ ಬಳಿಕ ಸ್ವತಂತ್ರನಾಗಿ ಹಲವು ಸಂಸ್ಥೆಗಳಿಗೆ ಬರೆದು ಒಳ್ಳೆಯ ಸಂಭಾವನೆಯನ್ನೇ ಪಡೆದನು.

ನಂಬರಿನೊಳಗಿನ ಕಥೆ

ಬೈಂದೂರಿನ ಕಡೆಯ ಗೇರುಬೀಜದ ವರ್ತಕನೊಬ್ಬನು ಇಂಥ ಬರೆಹಗಾರನನ್ನು ಕರೆಸಿದನೆಂದು ಭಾವಿಸೋಣ. ಅರಿತ ಬರೆಹಗಾರನು ಮೊದಲು ಲೇಖನಿಯನ್ನು ತೆಗೆಯುವುದಿಲ್ಲ, ಕಾರ್ಖಾನೆಯನ್ನು ತೋರಿಸೆನ್ನುತ್ತಾನೆ. ಬೀಜವನ್ನು ಬೇಯಿಸುವುದು, ಒಡೆಯುವುದು, ಒಣಗಿಸುವುದು, ಸಿಪ್ಪೆ ಸುಲಿಯುವುದು, ವಿಂಗಡಿಸುವುದು, ಎಲ್ಲವನ್ನೂ ನಿಂತು ನೋಡುತ್ತಾನೆ. ಡಬ್ಬದ ಮೇಲೆ 180, 240, 320 ಎಂದು ಬರೆದಿರುವುದನ್ನು ಕಂಡು, ಇದೇನೆಂದು ಕೇಳುತ್ತಾನೆ. ವರ್ತಕನಿಗೆ ಅದು ಉಸಿರಾಟದಷ್ಟು ಪರಿಚಿತ: ಒಂದು ಪೌಂಡಿಗೆ, ಎಂದರೆ ಸುಮಾರು 454 ಗ್ರಾಮಿಗೆ, ಗರಿಷ್ಠ ಎಷ್ಟು ಇಡೀ ಬೀಜಗಳೆಂಬ ಲೆಕ್ಕ. ನಂಬರು ಚಿಕ್ಕದಾದಷ್ಟೂ ಬೀಜ ದೊಡ್ಡದು. ಕೊಳ್ಳುವ ಗೃಹಿಣಿಯರಲ್ಲಿ ಎಷ್ಟು ಮಂದಿಗೆ ಇದು ತಿಳಿದಿದೆ? ‘ಉತ್ಕೃಷ್ಟ ಗುಣಮಟ್ಟ’ವೆಂಬ ಎರಡು ಪದಗಳ ಬದಲಿಗೆ ಈ ನಂಬರಿನ ಅರ್ಥವನ್ನೇ ಹೇಳಿ, ಪಾಯಸಕ್ಕೆ ತುಂಡುಬೀಜವೇ ಸಾಕು, ಅತಿಥಿಯ ತಟ್ಟೆಗೆ 180 ಇರಲಿ ಎಂದು ಒಂದು ಮಾತು ಸೇರಿಸಿದರೆ, ಓದಿದವಳು ಅಂಗಡಿಯನ್ನು ಮರೆಯಳು. ಅವಳ ಹಣವನ್ನೂ ಉಳಿಸಿದ ಅಂಗಡಿಯಲ್ಲವೇ ಅದು!

ಇದೇ ಸೀಮೆಯ ಹಳೆಯ ನಿದರ್ಶನವೊಂದುಂಟು. ಪಾರಂಪಳ್ಳಿಯ ಮಯ್ಯ ಸೋದರರು ಬೆಂಗಳೂರಿನಲ್ಲಿ 1924ರಲ್ಲಿ ಆರಂಭಿಸಿದ ಹೋಟೆಲು ಮುಂದೆ ಮಾವಳ್ಳಿ ಟಿಫಿನ್ ರೂಮ್ಸ್ ಎಂದು ಹೆಸರಾಯಿತು. ಯಜ್ಞನಾರಾಯಣ ಮಯ್ಯರು 1951ರಲ್ಲಿ ಯೂರೋಪನ್ನು ಸುತ್ತಿ ಬಂದು ಶುಚಿತ್ವಕ್ಕೆ ಹೊಸ ಕಟ್ಟುಪಾಡುಗಳನ್ನು ತಂದರು. ಗಿರಾಕಿಗಳು ಅಡುಗೆಮನೆಯನ್ನು ಕಣ್ಣಾರೆ ಕಂಡು ಊಟಕ್ಕೆ ಕೂರುವಂತಿದ್ದುದು ಆ ಹೋಟೆಲಿನ ಪ್ರಸಿದ್ಧ ಪದ್ಧತಿ. ಶುಚಿಯೆಂದು ಬರೆಯುವುದಕ್ಕಿಂತ ಶುಚಿಯನ್ನು ತೋರಿಸುವುದು ಮೇಲು. ಬರೆಹಗಾರನ ಕೆಲಸವೂ ಅದೇ: ದೂರದ ಓದುಗನನ್ನು ಅಡುಗೆಮನೆಯ ಮೂಲಕ ನಡೆಸಿಕೊಂಡು ಬರುವುದು.

ಯಾವ ಕನ್ನಡ?

ಮುಂಬಯಿಯಲ್ಲಿ ಹುಟ್ಟಿ ಭಾಷಾಂತರವಾಗಿ ಬರುವ ಜಾಹೀರಾತುಗಳ ಕನ್ನಡವು ಕಿವಿಗೆ ಎಷ್ಟು ಒರಟೆಂಬುದನ್ನು ಎಲ್ಲರೂ ಬಲ್ಲರು. ಊರಿನ ವರ್ತಕನಿಗೆ ಆ ಶಿಕ್ಷೆ ಬೇಕಿಲ್ಲ. ‘ಕಾಣಿ ಮರಾಯ್ರೆ’ ಎಂದರೆ ಕುಂದಾಪುರದವನ ಮುಖ ಅರಳುತ್ತದೆ. ಈಚಿನ ವರ್ಷಗಳಲ್ಲಿ ಆಸಾಡಿ ಅಮಾವಾಸ್ಯೆಯಂದು ವಿಶ್ವ ಕುಂದಾಪ್ರ ಕನ್ನಡ ದಿನವನ್ನು ಆಚರಿಸುತ್ತಿರುವ ಜನ ಇವರು. ಆದರೆ ಇಲ್ಲಿಯೂ ವಿವೇಕ ಬೇಕು. ಬ್ರಹ್ಮಾವರದ ಆಸುಪಾಸಿನಲ್ಲಿ ತುಳುವೂ ಈ ಕನ್ನಡವೂ ಕೂಡುತ್ತವೆ, ಕೊಂಕಣಿಯೂ ಜೊತೆಗಿದೆ. ಕೊಲ್ಲೂರಿಗೆ ಬರುವ ಯಾತ್ರಿಕರಲ್ಲಿ ಕೇರಳದವರು ಬಹಳ. ಮಾತು ಯಾರಿಗಾಗಿ ಎಂಬುದನ್ನು ನಿರ್ಧರಿಸಿದ ಮೇಲೆಯೇ ಯಾವ ಮಾತು ಎಂಬುದು. ಆಡುನುಡಿಯನ್ನು ನಗಿಸುವುದಕ್ಕಾಗಿ ಮಾತ್ರ ಬಳಸಿದರೆ, ಆಡುವವನೇ ನಗೆಗೀಡಾದನೆಂಬ ನೋವು ಉಳಿದೀತು.

ಕರಾರು ಮೊದಲು, ಕಾಫಿ ಆಮೇಲೆ

ನೇಮಿಸಿಕೊಳ್ಳುವವರು ಗಮನಿಸಬೇಕಾದ ವ್ಯವಹಾರದ ಸಂಗತಿಗಳೂ ಕೆಲವಿವೆ. ಬರೆಹಗಾರನ ಪದವಿಗಿಂತ ಹಿಂದೆ ಬರೆದುದನ್ನು ನೋಡುವುದು ಲೇಸು. ದೊಡ್ಡ ಕೆಲಸಕ್ಕೆ ಮುನ್ನ ಒಂದು ಚಿಕ್ಕ ಕೆಲಸವನ್ನು, ಹಣ ಕೊಟ್ಟೇ, ಮಾಡಿಸಿ ನೋಡಬಹುದು. ಪದಕ್ಕಿಷ್ಟೆಂದು ಸಂಭಾವನೆ ಗೊತ್ತುಮಾಡುವುದು ಜಾಹೀರಾತಿಗೆ ಹೊಂದದು. ಇಪ್ಪತ್ತು ಪದಗಳನ್ನು ಐದಕ್ಕೆ ಇಳಿಸುವುದೇ ಅಲ್ಲಿ ಹೆಚ್ಚಿನ ದುಡಿಮೆ. ಕೆಲಸಕ್ಕಿಷ್ಟು, ಮುಂಗಡವಿಷ್ಟು, ತಿದ್ದುಪಡಿ ಎಷ್ಟು ಬಾರಿ, ಎಂದು ಮುಗಿಯಬೇಕು, ಇವು ಕಾಗದದ ಮೇಲಿರಲಿ.

ಹಕ್ಕಿನ ಪ್ರಶ್ನೆಯನ್ನು ಬಹುಮಂದಿ ಮರೆಯುವರು. 1957ರ ಕೃತಿಸ್ವಾಮ್ಯ ಕಾಯಿದೆಯ ಮೇರೆಗೆ, ಸಂಬಳದ ನೌಕರನು ಕೆಲಸದ ಅಂಗವಾಗಿ ಬರೆದುದು ಸಾಮಾನ್ಯವಾಗಿ ಧಣಿಯದು. ಸ್ವತಂತ್ರ ಬರೆಹಗಾರನು ಬರೆದುದರ ಮೊದಲ ಒಡೆಯನು ಸಾಮಾನ್ಯವಾಗಿ ಬರೆದವನೇ. ವರ್ತಕನಿಗೆ ಅದು ಬೇಕಾದರೆ ಸಹಿಯುಳ್ಳ ಬರೆಹದಲ್ಲಿ ಹಸ್ತಾಂತರವಾಗಬೇಕು. ಅವಧಿಯನ್ನು ನಮೂದಿಸದಿದ್ದರೆ ಕಾನೂನು ಅದನ್ನು 5 ವರ್ಷವೆಂದು ಎಣಿಸುತ್ತದೆ. ಇತ್ತ ಬರೆಹಗಾರನು ಕಿರು ಉದ್ಯಮಿಯೆಂದು ನೋಂದಾಯಿಸಿಕೊಂಡಿದ್ದರೆ, 2006ರ ಕಾಯಿದೆಯು ಒಪ್ಪಿದ ದಿನದೊಳಗೆ, ಹೇಗಿದ್ದರೂ 45 ದಿನಗಳನ್ನು ಮೀರದಂತೆ, ಹಣ ಸಲ್ಲಬೇಕೆನ್ನುತ್ತದೆ. ತಪ್ಪಿದರೆ ಬ್ಯಾಂಕು ದರದ ಮೂರು ಪಟ್ಟು ಚಕ್ರಬಡ್ಡಿ.

ಎಲ್ಲಕ್ಕಿಂತ ದೊಡ್ಡ ಅಪಾಯ ಸುಳ್ಳಿನದು. ಮನೆಯಲ್ಲಿ ಕಾಯಿಸಿದ ಎಣ್ಣೆಗೆ ‘ಮಧುಮೇಹ ನಿವಾರಕ’ವೆಂಬ ಬಿರುದು ಕೊಡುವ ಆಸೆ ಹುಟ್ಟಬಹುದು. ಅಂಥ ಪ್ರಚಾರವನ್ನು 1954ರ ಕಾಯಿದೆಯೇ ನಿಷೇಧಿಸಿದೆ. 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯ ಪ್ರಕಾರ ದಾರಿತಪ್ಪಿಸುವ ಜಾಹೀರಾತಿಗೆ 10 ಲಕ್ಷ ರೂಪಾಯಿಗಳವರೆಗೂ, ಮತ್ತೆ ಮಾಡಿದರೆ 50 ಲಕ್ಷದವರೆಗೂ ದಂಡ ಬೀಳಬಹುದು. ದಂಡದ ಮಾತು ಹಾಗಿರಲಿ. ಸಣ್ಣ ಊರಿನಲ್ಲಿ ಸುಳ್ಳಿಗೆ ಆಯುಷ್ಯವೂ ಸಣ್ಣದು. ಸಂತೆಯ ದಿನ ಕೊಂಡವನು ಮುಂದಿನ ಸಂತೆಗೆ ಹತ್ತು ಮಂದಿಯ ಕಿವಿಯಲ್ಲಿ ಹೇಳಿಯಾಗಿರುತ್ತದೆ. ಆದುದರಿಂದ ‘ಇದನ್ನು ಬರೆಯಲಾರೆ’ ಎನ್ನಬಲ್ಲ ಬರೆಹಗಾರನು ದೊರೆತರೆ ವರ್ತಕನು ಅವನನ್ನು ಬಿಡಬಾರದು. ಪವರ್ಸ್‌ನನ್ನು ಕಳೆದುಕೊಂಡ ಧಣಿಗೆ ಸಂಪತ್ತಿತ್ತು, ತಡೆದುಕೊಂಡನು. ಹೆದ್ದಾರಿಯ ಬದಿಯ ಸಣ್ಣ ಅಂಗಡಿಗೆ ಹೆಸರೊಂದೇ ಬಂಡವಾಳ.

ಈ ಮೂರು ತಾಲ್ಲೂಕುಗಳ ಕಾಲೇಜುಗಳಿಂದ ಒಳ್ಳೆಯ ಕನ್ನಡ ಬಲ್ಲ ತರುಣ ತರುಣಿಯರು ವರ್ಷವರ್ಷವೂ ಹೊರಬರುತ್ತಾರೆ. ಬಹುಮಂದಿ ಬೆಂಗಳೂರಿನ ಬಸ್ಸು ಹತ್ತುತ್ತಾರೆ. ಎರಡು ಸಾಲಿಗೂ ಒಂದು ಬೆಲೆಯಿದೆಯೆಂದು ಊರಿನ ವರ್ತಕರು ಒಪ್ಪಿಕೊಂಡರೆ, ಅವರಲ್ಲಿ ಕೆಲವರಾದರೂ ತಮ್ಮ ಮನೆಯ ಜಗಲಿಯಲ್ಲೇ ಕುಳಿತು ಬರೆದು ಬದುಕಬಹುದು. ಆಗ ಫಲಕಗಳ ವಾಕ್ಯಗಳನ್ನು ಅದಲುಬದಲು ಮಾಡಿದವನು ಮರುದಿನ ಬೆಳಗಾಗುವುದರೊಳಗೆ ಸಿಕ್ಕಿಬೀಳುವನು.